ನೋಟಿನ ಮೂಲೆಯಲ್ಲಿ ಅಡಗಿದ ಇತಿಹಾಸ

ಐವತ್ತು ರೂಪಾಯಿಯ ನೋಟು 1975ರಲ್ಲಿ ಚಲಾವಣೆಗೆ ಬಂದಾಗ ಅದರ ಹಿಂಬದಿಯಲ್ಲಿ ಸಂಸತ್ ಭವನದ ಚಿತ್ರವಿತ್ತು. ಭವನದ ನೆತ್ತಿಯಲ್ಲಿ ಧ್ವಜಸ್ತಂಭವೂ ಇತ್ತು. ಆದರೆ ಸ್ತಂಭದಲ್ಲಿ ಧ್ವಜವೇ ಇರಲಿಲ್ಲ! ಮುಂದೆ ಅಚ್ಚಾದ ನೋಟುಗಳಲ್ಲಿ ಧ್ವಜ ಹಾರತೊಡಗಿತು. ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿ ಎರಡಕ್ಕೂ ಒಂದೇ ಬೆಲೆ. ನೋಟು ಸಂಗ್ರಹಿಸುವವರ ಕಣ್ಣಿಗೆ ಮಾತ್ರ ಅವು ಎರಡು ಬೇರೆ ಬೇರೆ ನೋಟುಗಳು.

ಕಾಗದದ ಹಣ ಕೈಯಿಂದ ಕೈಗೆ ಹೋಗಲೆಂದೇ ಹುಟ್ಟಿದ್ದು. ಅದನ್ನು ಎಣಿಸುವವರು ಕೋಟ್ಯಂತರ, ಓದುವವರು ಕೆಲವೇ ಮಂದಿ. ಹೀಗೆ ಓದುವವರು ನೋಡುವುದು ಸಹಿ, ಕ್ರಮಸಂಖ್ಯೆಯ ಆರಂಭದ ಅಕ್ಷರ, ಬಣ್ಣ, ಮೇಲೊತ್ತಿದ ಒಂದು ಸಾಲು, ಭಾಷೆಯ ಒಂದು ಪ್ರತ್ಯಯ ಇಂಥವನ್ನು. ಇವು ಬದಲಾದ ಬಹಳಷ್ಟು ಕಡೆ ಒಂದು ಕಾರಣ ಅಡಗಿರುತ್ತದೆ. ಎಲ್ಲೋ ಯುದ್ಧ ನಡೆದಿರುತ್ತದೆ, ದೇಶ ಒಡೆದಿರುತ್ತದೆ, ಖೋಟಾ ನೋಟಿನ ಹಾವಳಿ ಹೆಚ್ಚಿರುತ್ತದೆ, ಇಲ್ಲವೇ ಅಧಿಕಾರಿಯೊಬ್ಬರು ಕೆಲವೇ ದಿನ ಕುರ್ಚಿಯಲ್ಲಿ ಕುಳಿತು ಎದ್ದುಹೋಗಿರುತ್ತಾರೆ. ಅಪರೂಪದ ನೋಟು ಎಂದರೆ ಚರಿತ್ರೆ ಒಮ್ಮೆ ಕುಲುಕಿದಾಗ ಕಾಗದದ ಮೇಲೆ ಉಳಿದ ಗುರುತು.

ಅರ್ಧ ನೋಟಿನ ಕಾಲ

ಭಾರತದಲ್ಲಿ ಕಾಗದದ ಹಣ ಆರಂಭವಾದದ್ದು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ. ಕಲ್ಕತ್ತೆಯ ಬ್ಯಾಂಕ್ ಆಫ್ ಹಿಂದೂಸ್ತಾನ್‌ನಂಥ ಖಾಸಗಿ ಬ್ಯಾಂಕುಗಳು ತಮ್ಮ ನೋಟುಗಳನ್ನು ತಾವೇ ಹೊರಡಿಸುತ್ತಿದ್ದವು. ನಂತರ ಬಂಗಾಳ, ಮುಂಬಯಿ ಮತ್ತು ಮದರಾಸಿನ ಪ್ರೆಸಿಡೆನ್ಸಿ ಬ್ಯಾಂಕುಗಳು ಆ ಕೆಲಸ ಮಾಡಿದವು. 1861ರ ಕಾಗದ ಚಲಾವಣೆ ಕಾಯ್ದೆಯಿಂದ ನೋಟು ಹೊರಡಿಸುವ ಹಕ್ಕು ಸರ್ಕಾರದ ಕೈಗೆ ಬಂತು.

ಸರ್ಕಾರದ ಮೊದಲ ಸರಣಿಯಲ್ಲಿ ವಿಕ್ಟೋರಿಯಾ ರಾಣಿಯ ಪುಟ್ಟ ಭಾವಚಿತ್ರವಿತ್ತು. 10, 20, 50, 100 ಮತ್ತು 1000 ರೂಪಾಯಿಯ ಆ ನೋಟುಗಳು ಒಂದೇ ಮಗ್ಗುಲಲ್ಲಿ ಅಚ್ಚಾಗಿದ್ದವು. ಹಿಂಬದಿ ಖಾಲಿ. ಇಂಗ್ಲೆಂಡಿನ ಗಿರಣಿಯಲ್ಲಿ ಕೈಯಿಂದ ತಯಾರಿಸಿದ ಕಾಗದ, ಅದರೊಳಗೆ ನೀರುಗುರುತು, ಮೇಲೆ ಎರಡು ಭಾಷೆಗಳಲ್ಲಿ ಮುಖಬೆಲೆ. ಇಷ್ಟೆಲ್ಲ ಇದ್ದರೂ ಖೋಟಾ ನೋಟು ತಯಾರಿಸುವವರನ್ನು ತಡೆಯಲಾಗಲಿಲ್ಲ. ಹಾಗಾಗಿ 1867ರಲ್ಲಿ ರಾಣಿಯ ಚಿತ್ರವನ್ನು ಕೈಬಿಟ್ಟು, ಅಕ್ಷರಗಳ ಕೆಳಗೆ ಬಣ್ಣದ ವಿನ್ಯಾಸವಿರುವ ಹೊಸ ಸರಣಿಯನ್ನು ತರಲಾಯಿತು. ಹೀಗೆ ಆರೇ ವರ್ಷಕ್ಕೆ ಹಿಂದೆ ಸರಿದ ವಿಕ್ಟೋರಿಯಾ ನೋಟುಗಳು ಈಗ ಅತಿ ವಿರಳ.

ಆ ಕಾಲದಲ್ಲಿ ದೇಶವನ್ನು ಹಲವು ಚಲಾವಣೆ ವಲಯಗಳಾಗಿ ವಿಂಗಡಿಸಲಾಗಿತ್ತು. ಮದರಾಸು ವಲಯದ ನೋಟು ಕಾನೂನುಬದ್ಧ ಹಣವಾಗಿ ನಡೆಯುತ್ತಿದ್ದುದು ಆ ವಲಯದಲ್ಲೇ. 1903ರಿಂದ 1911ರ ನಡುವೆ 5, 10, 50 ಮತ್ತು 100 ರೂಪಾಯಿಯ ನೋಟುಗಳು ಹಂತ ಹಂತವಾಗಿ ಈ ಗಡಿಯನ್ನು ದಾಟಿದವು. ಆದ್ದರಿಂದ ಹಳೆಯ ನೋಟಿನಲ್ಲಿ ವಲಯದ ಹೆಸರು ಯಾವುದೆಂಬುದೇ ಸಂಗ್ರಾಹಕರ ಮೊದಲ ಪ್ರಶ್ನೆ.

ಆ ನೋಟುಗಳಲ್ಲಿ ಹಲವು ನಡುವೆ ಕತ್ತರಿಸಿ ಮತ್ತೆ ಅಂಟಿಸಿದ ಸ್ಥಿತಿಯಲ್ಲಿ ಸಿಗುತ್ತವೆ. ಇದು ಹಾಳಾದ ನೋಟಿನ ರಿಪೇರಿಯಲ್ಲ. ಅಂಚೆಯಲ್ಲಿ ಹಣ ಕಳಿಸುವ ವರ್ತಕರು ಕಳ್ಳರ ಭಯಕ್ಕೆ ನೋಟನ್ನು ಎರಡು ತುಂಡು ಮಾಡುತ್ತಿದ್ದರು. ಮೊದಲ ತುಂಡು ತಲುಪಿತೆಂದು ಉತ್ತರ ಬಂದ ಮೇಲೆ ಎರಡನೆಯದನ್ನು ಕಳಿಸುತ್ತಿದ್ದರು. ಎರಡನ್ನೂ ಜೋಡಿಸಿ ತೋರಿಸಿದರೆ ಹಣ ಸಿಗುತ್ತಿತ್ತು. ಒಂದು ಕಾಲದ ವ್ಯಾಪಾರ ಹೇಗೆ ನಡೆಯಿತೆಂಬುದಕ್ಕೆ ಆ ಅಂಟಿನ ಗೆರೆಯೇ ಸಾಕ್ಷಿ.

ಯುದ್ಧ ತಂದ ಸಣ್ಣ ನೋಟು

ಒಂದು ರೂಪಾಯಿಗೆ ನೋಟು ಬೇಕೆಂದು ಮೊದಲು ಯಾರಿಗೂ ಅನಿಸಿರಲಿಲ್ಲ. ರೂಪಾಯಿ ಎಂದರೆ ಬೆಳ್ಳಿ ನಾಣ್ಯ ಎಂಬುದೇ ಜನರ ತಿಳಿವಳಿಕೆ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದಾಗ, 1917ರ ನವೆಂಬರ್ 30ರಂದು ಸರ್ಕಾರ ಒಂದು ರೂಪಾಯಿಯ ನೋಟು ಹೊರಡಿಸಿತು. ಜನ ನಂಬಲಿ ಎಂಬಂತೆ ಅದರ ಮೇಲೆ ಐದನೆಯ ಜಾರ್ಜ್ ದೊರೆಯ ಬೆಳ್ಳಿ ನಾಣ್ಯದ ಚಿತ್ರವನ್ನೇ ಅಚ್ಚು ಹಾಕಲಾಗಿತ್ತು. ಇಪ್ಪತ್ತೈದು ನೋಟುಗಳ ಪುಸ್ತಿಕೆಯಾಗಿ ಬರುತ್ತಿದ್ದ ಇದನ್ನು ಚೆಕ್ಕಿನಂತೆ ಹರಿದು ಕೊಡಬೇಕಿತ್ತು. ಎಲ್ಲ ನೋಟುಗಳ ಮೇಲೂ ಇಸವಿ 1917 ಎಂದೇ ಇದ್ದರೂ ಗುಬ್ಬೇ, ಮೆಕ್‌ವಾಟರ್ಸ್ ಮತ್ತು ಡೆನ್ನಿಂಗ್ ಎಂಬ ಮೂವರು ಅಧಿಕಾರಿಗಳ ಬೇರೆ ಬೇರೆ ಸಹಿಗಳಲ್ಲಿ ಅವು ದೊರೆಯುತ್ತವೆ. ವೆಚ್ಚ ಹೆಚ್ಚಾಯಿತೆಂದು 1926ರ ಜನವರಿಯಲ್ಲಿ ಈ ನೋಟನ್ನು ನಿಲ್ಲಿಸಲಾಯಿತು. ಎರಡನೆಯ ಮಹಾಯುದ್ಧ ಶುರುವಾದ ಮೇಲೆ, 1940ರಲ್ಲಿ, ಅದು ಮತ್ತೆ ಬಂತು.

ಇದಕ್ಕಿಂತ ವಿಚಿತ್ರವಾದದ್ದು 1918ರ ಜನವರಿ 2ರಂದು ಬಂದ ಎರಡು ರೂಪಾಯಿ ಎಂಟಾಣೆಯ ನೋಟು. ಎರಡೂವರೆ ರೂಪಾಯಿಯ ನೋಟು ಭಾರತದಲ್ಲಿ ಮತ್ತೆಂದೂ ಬರಲಿಲ್ಲ. ಅದರ ಮೇಲಿನ ಒಂದು ಇಂಗ್ಲಿಷ್ ಅಕ್ಷರ ವಲಯವನ್ನು ಸೂಚಿಸುತ್ತದೆ. ಎಂ ಇದ್ದರೆ ಮದರಾಸು, ಬಿ ಇದ್ದರೆ ಮುಂಬಯಿ, ಕೆ ಇದ್ದರೆ ಕರಾಚಿ, ಆರ್ ಇದ್ದರೆ ರಂಗೂನ್. ಏಳು ವಲಯಗಳ ಏಳು ನೋಟುಗಳನ್ನೂ ಕೂಡಿಸುವುದು ಅನೇಕ ಸಂಗ್ರಾಹಕರ ಜೀವಮಾನದ ಆಸೆ.

ಇದೇ ಕಾಲದ ಕೆಲವು ನೋಟುಗಳು ಸಮುದ್ರದಿಂದ ಬಂದವು. ಲಂಡನ್ನಿನಿಂದ ಮುಂಬಯಿಗೆ ಹೊರಟಿದ್ದ ಶಿರಾಲಾ ಎಂಬ ಹಡಗನ್ನು ಜರ್ಮನಿಯ ಜಲಾಂತರ್ಗಾಮಿಯೊಂದು 1918ರ ಜುಲೈ 2ರಂದು ಇಂಗ್ಲೆಂಡಿನ ತೀರದ ಬಳಿ ಮುಳುಗಿಸಿತು. ಅದರಲ್ಲಿ ಇನ್ನೂ ಸಹಿ ಬೀಳದ ಐದು ಮತ್ತು ಹತ್ತು ರೂಪಾಯಿಯ ನೋಟುಗಳಿದ್ದವು. ದಡಕ್ಕೆ ತೇಲಿ ಬಂದವುಗಳಲ್ಲಿ ಹೆಚ್ಚಿನದನ್ನು ಅಧಿಕಾರಿಗಳು ಸಂಗ್ರಹಿಸಿ ನಾಶ ಮಾಡಿದರೂ ಕೆಲವು ಖಾಸಗಿಯವರ ಕೈಯಲ್ಲಿ ಉಳಿದವು. ಅಂಥ ಎರಡು ಹತ್ತು ರೂಪಾಯಿ ನೋಟುಗಳು 2024ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿಗೆ ಬಂದಿದ್ದವು. ಅವುಗಳ ಮೇಲಿನ ದಿನಾಂಕ 1918ರ ಮೇ 25.

ಒಂದೇ ನೋಟು, ಮೂರು ದೇಶ

ನಾಸಿಕದ ಮುದ್ರಣಾಲಯ 1928ರಲ್ಲಿ ಕೆಲಸ ಆರಂಭಿಸುವವರೆಗೆ ಭಾರತದ ನೋಟುಗಳು ಇಂಗ್ಲೆಂಡಿನಲ್ಲೇ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದವು. 1935ರ ಏಪ್ರಿಲ್ 1ರಂದು ರಿಸರ್ವ್ ಬ್ಯಾಂಕ್ ಸ್ಥಾಪನೆಯಾಯಿತು. ಆರನೆಯ ಜಾರ್ಜ್ ದೊರೆಯ ಚಿತ್ರವಿರುವ ಅದರ ಮೊದಲ ನೋಟು, ಐದು ರೂಪಾಯಿಯದು, ಬಂದದ್ದು 1938ರ ಜನವರಿಯಲ್ಲಿ. ಈ ನೋಟುಗಳ ಹಿಂಬದಿಯಲ್ಲಿ ಮುಖಬೆಲೆಯನ್ನು ಎಂಟು ಭಾಷೆಗಳಲ್ಲಿ ಬರೆಯಲಾಗಿತ್ತು. ಕನ್ನಡವೂ ಅವುಗಳಲ್ಲೊಂದು. ಬರ್ಮೀ ಭಾಷೆಯೂ ಇತ್ತು.

ಆರನೆಯ ಜಾರ್ಜ್ ಎಲ್ಲ ನೋಟುಗಳಲ್ಲೂ ಒಂದೇ ಕಡೆ ನೋಡುವುದಿಲ್ಲ. ಮೊದಲಿನವುಗಳಲ್ಲಿ ಮುಖ ಪಕ್ಕಕ್ಕೆ ತಿರುಗಿದೆ, ನಂತರದವುಗಳಲ್ಲಿ ನೇರವಾಗಿ ನಮ್ಮತ್ತ ಇದೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿಯರು ಉತ್ತಮ ದರ್ಜೆಯ ಖೋಟಾ ನೋಟುಗಳನ್ನು ತಯಾರಿಸಿದ್ದೇ ಈ ಬದಲಾವಣೆಗೆ ಕಾರಣ. ಭಾರತದ ನೋಟಿನೊಳಗೆ ಭದ್ರತಾ ಎಳೆ ಮೊದಲ ಬಾರಿಗೆ ಸೇರಿದ್ದೂ ಆಗಲೇ. ಇಂದು ಪ್ರತಿಯೊಬ್ಬರೂ ನೋಟನ್ನು ಬೆಳಕಿಗೆ ಹಿಡಿದು ನೋಡುವ ಆ ಎಳೆ ಯುದ್ಧದ ಕೊಡುಗೆ.

ಬರ್ಮಾ 1937ರಲ್ಲಿ ಭಾರತದಿಂದ ಆಡಳಿತಾತ್ಮಕವಾಗಿ ಬೇರೆಯಾಯಿತು. ಆದರೂ ಅಲ್ಲಿ ರಿಸರ್ವ್ ಬ್ಯಾಂಕಿನ ನೋಟೇ ನಡೆಯುತ್ತಿತ್ತು. ‘ಬರ್ಮಾದಲ್ಲಿ ಮಾತ್ರ ಚಲಾವಣೆ’ ಎಂಬ ಅರ್ಥದ ಇಂಗ್ಲಿಷ್ ಸಾಲನ್ನು ಅದರ ಮೇಲೆ ಅಚ್ಚು ಹಾಕಲಾಗುತ್ತಿತ್ತು. ಹತ್ತು ವರ್ಷಗಳ ನಂತರ ಪಾಕಿಸ್ತಾನದ ಸರದಿ ಬಂತು. ದೇಶ ವಿಭಜನೆಯಾದಾಗ ಹೊಸ ರಾಷ್ಟ್ರಕ್ಕೆ ತನ್ನದೇ ನೋಟು ಇರಲಿಲ್ಲ. ನಾಸಿಕದಲ್ಲಿ ಅಚ್ಚಾದ ಭಾರತದ ನೋಟುಗಳ ಮೇಲೆ ಇಂಗ್ಲಿಷಿನಲ್ಲಿ ‘ಗವರ್ನಮೆಂಟ್ ಆಫ್ ಪಾಕಿಸ್ತಾನ್’ ಎಂದೂ ಉರ್ದುವಿನಲ್ಲಿ ‘ಹುಕೂಮತ್-ಎ-ಪಾಕಿಸ್ತಾನ್’ ಎಂದೂ ಮುದ್ರಿಸಿ 1948ರಲ್ಲಿ ಅಲ್ಲಿಗೆ ಕಳಿಸಲಾಯಿತು. ಅದೇ ವರ್ಷದ ಜುಲೈ 1ರಂದು ಪಾಕಿಸ್ತಾನದ ಸ್ವಂತ ಕೇಂದ್ರ ಬ್ಯಾಂಕ್ ಆರಂಭವಾಯಿತು. ಗಡಿಯ ಎರಡೂ ಕಡೆ ರಕ್ತ ಹರಿದ ದಿನಗಳಲ್ಲೂ ಎರಡು ದೇಶಗಳ ಹಣ ಒಂದೇ ಯಂತ್ರದಿಂದ ಹೊರಬರುತ್ತಿತ್ತು ಎಂಬುದನ್ನು ಈ ನೋಟು ಇಂದಿಗೂ ಹೇಳುತ್ತದೆ.

ನಿಜಾಮರ ನೋಟಿನಲ್ಲಿ ಕನ್ನಡ

ಬೀದರ್, ಕಲಬುರಗಿ, ರಾಯಚೂರು ಸೀಮೆಯ ಹಿರಿಯರ ಬಾಯಲ್ಲಿ ‘ಹಾಲಿ ಸಿಕ್ಕ’ ಎಂಬ ಮಾತು ಇತ್ತು. ಅದು ಹೈದರಾಬಾದ್ ಸಂಸ್ಥಾನದ ಹಣ. ಏಳು ಹಾಲಿ ಸಿಕ್ಕ ರೂಪಾಯಿ ಸರಿಸುಮಾರು ಬ್ರಿಟಿಷ್ ಇಂಡಿಯಾದ ಆರು ರೂಪಾಯಿಗೆ ಸಮ. ಮೊದಲ ಮಹಾಯುದ್ಧದ ಬೆಳ್ಳಿಯ ಬರದಲ್ಲೇ, 1918ರಲ್ಲಿ, ನಿಜಾಮರ ಸರ್ಕಾರ ತನ್ನದೇ ಕಾಗದದ ನೋಟು ಹೊರಡಿಸುವ ಕಾಯ್ದೆ ಮಾಡಿತು. ಈ ನೋಟುಗಳಲ್ಲಿ ಉರ್ದು ಪ್ರಧಾನವಾಗಿದ್ದರೂ ಮುಖಬೆಲೆ ತೆಲುಗು, ಮರಾಠಿ ಮತ್ತು ಕನ್ನಡಗಳಲ್ಲೂ ಇತ್ತು. ಸಂಸ್ಥಾನದ ಪ್ರಜೆಗಳು ಯಾವ ಯಾವ ಭಾಷೆಯವರು ಎಂಬುದಕ್ಕೆ ಬೇರೆ ದಾಖಲೆ ಬೇಡ.

ಹೈದರಾಬಾದಿನ ನೋಟುಗಳಿಗೂ ಹಡಗು ಮುಳುಗಿದ ಕಥೆಯುಂಟು. ಅವನ್ನು ಹೊತ್ತು ತರುತ್ತಿದ್ದ ಈಜಿಪ್ಟ್ ಎಂಬ ಹಡಗು 1922ರ ಮೇ 20ರಂದು ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಫ್ರಾನ್ಸ್ ತೀರದಾಚೆ ಮುಳುಗಿತು. ಅದರಲ್ಲಿದ್ದ ಚಿನ್ನ ಬೆಳ್ಳಿಗಾಗಿ ಇಟಲಿಯ ಮುಳುಗುಗಾರರು ಸುಮಾರು ಹತ್ತು ವರ್ಷಗಳ ನಂತರ ಸಮುದ್ರದ ತಳ ಶೋಧಿಸಿದಾಗ ಸಹಿಯಿಲ್ಲದ ಹೈದರಾಬಾದ್ ನೋಟುಗಳೂ ಮೇಲೆ ಬಂದವು. ನೀರಿನ ಕಲೆಯಿರುವ ಆ ನೋಟುಗಳು ಒಂದು ದಿನವೂ ಚಲಾವಣೆಯಾಗದಿದ್ದರೂ ಸಂಗ್ರಾಹಕರಿಗೆ ಅಮೂಲ್ಯ.

ವ್ಯಾಕರಣದ ತಿದ್ದುಪಡಿ

ಸ್ವತಂತ್ರ ಭಾರತದ ಮೊದಲ ನೋಟು 1949ರ ಒಂದು ರೂಪಾಯಿ. ದೊರೆಯ ಮುಖ ಇದ್ದ ಜಾಗಕ್ಕೆ ಗಾಂಧೀಜಿಯ ಚಿತ್ರ ಬರಬೇಕೆಂಬ ಆಲೋಚನೆ ಮೊದಲು ಇತ್ತು. ಕೊನೆಗೆ ಸಾರನಾಥದ ಅಶೋಕ ಸ್ತಂಭದ ಸಿಂಹಗಳನ್ನು ಆರಿಸಲಾಯಿತು. ಅದಕ್ಕೆ ಸಹಿ ಹಾಕಿದವರು ಹಣಕಾಸು ಕಾರ್ಯದರ್ಶಿ ಕೆ.ಆರ್.ಕೆ. ಮೆನನ್.

ನಂತರದ ನೋಟುಗಳಲ್ಲಿ ಹಿಂದಿಗೆ ಪ್ರಾಮುಖ್ಯ ಬಂದಾಗ ಹೊಸ ಸಮಸ್ಯೆ ತಲೆದೋರಿತು. ಎರಡಕ್ಕೆ ‘ದೋ ರುಪಯಾ’ ಎನ್ನಬೇಕೋ ‘ದೋ ರುಪಯೇ’ ಎನ್ನಬೇಕೋ? ಮೊದಲು ‘ರುಪಯಾ’ ಎಂದೇ ಅಚ್ಚಾಯಿತು. ಚರ್ಚೆ ನಡೆದು ಬಹುವಚನದ ‘ರುಪಯೇ’ ಗೆದ್ದಿತು. ಈ ಒಂದು ಸ್ವರದ ವ್ಯತ್ಯಾಸದಿಂದ ಸಂಗ್ರಾಹಕರ ಪಟ್ಟಿಗೆ ಎರಡು ಬಗೆಯ ನೋಟುಗಳು ಸೇರಿದವು. ಆಗ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು ಮಂಗಳೂರು ಮೂಲದ ಬೆನಗಲ್ ರಾಮರಾವ್. 1949ರಿಂದ 1957ರ ಜನವರಿವರೆಗೆ ಆ ಹುದ್ದೆಯಲ್ಲಿದ್ದ ಅವರಷ್ಟು ದೀರ್ಘಕಾಲ ಬೇರೆ ಯಾರೂ ಅಲ್ಲಿ ಕುಳಿತಿಲ್ಲ. ತಪ್ಪು ಹಿಂದಿಯ ನೋಟಿನ ಮೇಲೂ ತಿದ್ದಿದ ನೋಟಿನ ಮೇಲೂ ಇರುವುದು ಅವರದೇ ಸಹಿ.

ಕೊಲ್ಲಿಗೆ ಬೇರೆ ಬಣ್ಣ

ಕುವೈತ್, ಬಹರೇನ್, ಕತಾರ್, ದುಬೈಗಳಲ್ಲಿ ಬಹುಕಾಲ ಭಾರತದ ರೂಪಾಯಿಯೇ ನಡೆಯುತ್ತಿತ್ತು. ಇದರ ಲಾಭ ಪಡೆದವರು ಚಿನ್ನ ಕಳ್ಳಸಾಗಣೆದಾರರು. ಕದ್ದು ತಂದ ಚಿನ್ನಕ್ಕೆ ಇಲ್ಲಿ ರೂಪಾಯಿ ಪಡೆದು, ಆ ನೋಟುಗಳನ್ನು ಕೊಲ್ಲಿಗೆ ಸಾಗಿಸಿ, ಅಲ್ಲಿಂದ ವಿದೇಶಿ ವಿನಿಮಯವಾಗಿ ಪರಿವರ್ತಿಸುತ್ತಿದ್ದರು. ಇದನ್ನು ತಡೆಯಲು 1959ರಲ್ಲಿ ಕೊಲ್ಲಿಗೆಂದೇ ಪ್ರತ್ಯೇಕ ನೋಟುಗಳನ್ನು ಹೊರಡಿಸಲಾಯಿತು. ವಿನ್ಯಾಸ ಭಾರತದ್ದೇ, ಬಣ್ಣ ಮಾತ್ರ ಬೇರೆ. ಕ್ರಮಸಂಖ್ಯೆಯ ಆರಂಭದಲ್ಲಿ ಝಡ್ ಅಕ್ಷರ. ಭಾರತದೊಳಗೆ ಇವು ಚಲಾವಣೆಗೆ ಸಲ್ಲುತ್ತಿರಲಿಲ್ಲ. ಹಜ್ ಯಾತ್ರಿಕರಿಗಾಗಿ ‘ಹಜ್’ ಎಂದು ಅಚ್ಚು ಹಾಕಿದ, ಎಚ್‌ಎ ಅಕ್ಷರಗಳ ಹತ್ತು ಮತ್ತು ನೂರು ರೂಪಾಯಿಯ ನೋಟುಗಳೂ ಬಂದವು. ಕುವೈತ್ 1961ರಲ್ಲಿ, ಬಹರೇನ್ 1965ರಲ್ಲಿ ತಮ್ಮದೇ ಹಣ ಆರಂಭಿಸಿದವು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾದಾಗ ಉಳಿದವೂ ದೂರವಾಗತೊಡಗಿದವು. ಬಳಸಿದವರು ಅವನ್ನು ಕೊಟ್ಟು ಹೊಸ ಹಣ ಪಡೆದ ಕಾರಣ ಕೊಲ್ಲಿ ನೋಟುಗಳು ಕಡಿಮೆ ಉಳಿದಿವೆ.

ಸಹಿ ಹೇಳುವ ಕಥೆ

ಒಂದು ರೂಪಾಯಿಯ ನೋಟನ್ನು ಹೊರಡಿಸುವುದು ಭಾರತ ಸರ್ಕಾರ. ಅದರ ಮೇಲೆ ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ. ಉಳಿದವುಗಳ ಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ. ಎರಡೂ ಹುದ್ದೆಗಳಲ್ಲಿದ್ದು ಎರಡು ಬಗೆಯ ನೋಟುಗಳಿಗೂ ಸಹಿ ಹಾಕಿದವರು ಕೆಲವರೇ. ಮುಂದೆ ಪ್ರಧಾನಿಯಾದ ಮನಮೋಹನ್ ಸಿಂಗ್ ಅವರಲ್ಲೊಬ್ಬರು.

ರಿಸರ್ವ್ ಬ್ಯಾಂಕಿನ ಮೊದಲ ಗವರ್ನರ್ ಆಸ್ಬೋರ್ನ್ ಸ್ಮಿತ್ ಅವರ ಸಹಿ ಯಾವ ನೋಟಿನ ಮೇಲೂ ಇಲ್ಲ. ಬ್ಯಾಂಕಿನ ನೋಟು ಬರುವ ಮೊದಲೇ ಅವರು ಹುದ್ದೆ ಬಿಟ್ಟಿದ್ದರು. ಬಿ.ಎನ್. ಅಡಾರ್ಕರ್ 1970ರ ಮೇ 4ರಿಂದ ಜೂನ್ 15ರವರೆಗೆ, ಅಂದರೆ ಆರು ವಾರ ಮಾತ್ರ ಗವರ್ನರ್ ಆಗಿದ್ದರು. ಗಾಂಧೀಜಿಯ ಜನ್ಮಶತಾಬ್ದಿಗೆಂದು ಹೊರಟ, ಸೇವಾಗ್ರಾಮದ ಹಿನ್ನೆಲೆಯಲ್ಲಿ ಅವರು ಕುಳಿತಿರುವ ಚಿತ್ರದ ನೋಟುಗಳ ಮೇಲೆ ಅಡಾರ್ಕರ್ ಸಹಿ ಇದ್ದರೆ ಅದಕ್ಕೆ ವಿಶೇಷ ಬೇಡಿಕೆ. 1975ರಲ್ಲಿ ಮೂರು ತಿಂಗಳು ಗವರ್ನರ್ ಆಗಿದ್ದ ಎನ್.ಸಿ. ಸೇನ್‌ಗುಪ್ತ ಅವರ ಸಹಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಚಿತ್ರವಿರುವ ಸಾವಿರ ರೂಪಾಯಿಯ ನೋಟಿನಲ್ಲಿದೆ. 1978ರ ಜನವರಿಯಲ್ಲಿ ಸಾವಿರ, ಐದು ಸಾವಿರ ಮತ್ತು ಹತ್ತು ಸಾವಿರದ ನೋಟುಗಳನ್ನು ಸರ್ಕಾರ ರದ್ದು ಮಾಡಿತು. ಇದ್ದವರು ಬ್ಯಾಂಕಿಗೆ ಒಪ್ಪಿಸಿದರು. ಉಳಿದದ್ದು ಕಡಿಮೆ.

ಇಂದಿನ ನೋಟಿನಲ್ಲಿ ಏನು ನೋಡಬೇಕು?

ಈ ಹವ್ಯಾಸಕ್ಕೆ ಹರಾಜಿಗೇ ಹೋಗಬೇಕಿಲ್ಲ. ಕಿಸೆಯಲ್ಲಿರುವ ನೋಟಿನಿಂದಲೇ ಆರಂಭಿಸಬಹುದು. 2005ರಿಂದ ನೋಟಿನ ಹಿಂಬದಿಯ ಕೆಳಭಾಗದಲ್ಲಿ ಅಚ್ಚಾದ ಇಸವಿ ಇರುತ್ತದೆ. 2011ರಿಂದ ರೂಪಾಯಿಯ ಹೊಸ ಚಿಹ್ನೆ ಸೇರಿತು. 2015ರಿಂದ ಕ್ರಮಸಂಖ್ಯೆಯ ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತ ಹೋಗುತ್ತವೆ. ಸಂಖ್ಯೆಯ ಹಿಂದೆ ಮಸುಕಾಗಿ ಕಾಣುವ ಒಂದು ಸಣ್ಣ ಇಂಗ್ಲಿಷ್ ಅಕ್ಷರವನ್ನು ಸಂಗ್ರಾಹಕರು ‘ಇನ್‌ಸೆಟ್’ ಎನ್ನುತ್ತಾರೆ. ಒಂದೇ ಮುಖಬೆಲೆ, ಒಂದೇ ಸಹಿ, ಒಂದೇ ಇಸವಿಯಾದರೂ ಇನ್‌ಸೆಟ್ ಬೇರೆಯಾದರೆ ಅದು ಬೇರೆ ಬಗೆ.

ಕೆಲವು ನೋಟುಗಳ ಸಂಖ್ಯೆಯ ನಡುವೆ ನಕ್ಷತ್ರ ಇರುತ್ತದೆ. ಇದನ್ನು ಕಂಡು ಖೋಟಾ ನೋಟೆಂದು ಹೆದರಿದವರೂ ಇದ್ದಾರೆ. ಅಚ್ಚಿನಲ್ಲಿ ಕೆಟ್ಟ ನೋಟಿನ ಬದಲಿಗೆ ಇಟ್ಟದ್ದು ಎಂಬುದಷ್ಟೇ ಆ ನಕ್ಷತ್ರದ ಅರ್ಥ. 10, 20 ಮತ್ತು 50 ರೂಪಾಯಿಯ ನೋಟುಗಳಲ್ಲಿ ಈ ಪದ್ಧತಿ 2006ರಲ್ಲಿ ಆರಂಭವಾಯಿತು. ನಕ್ಷತ್ರದ ನೋಟು ಉಳಿದವುಗಳಷ್ಟೇ ಸಿಂಧು ಎಂದು ರಿಸರ್ವ್ ಬ್ಯಾಂಕ್ 2023ರ ಜುಲೈನಲ್ಲಿ ಮತ್ತೆ ಸ್ಪಷ್ಟಪಡಿಸಿತು.

ನೋಟಿನ ಹಿಂಬದಿಯ ಭಾಷಾಪಟ್ಟಿಯಲ್ಲಿ ಹದಿನೈದು ಭಾಷೆಗಳಿವೆ. ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿರುವ ಈ ಪಟ್ಟಿಯಲ್ಲಿ ಕನ್ನಡದ್ದು ನಾಲ್ಕನೆಯ ಸ್ಥಾನ. 2017ರಿಂದ ಐವತ್ತು ರೂಪಾಯಿಯ ನೋಟಿನಲ್ಲಿ ಹಂಪಿಯ ಕಲ್ಲಿನ ರಥವಿದೆ. ಮೈಸೂರಿನಲ್ಲಿ 1996ರಿಂದ ನೋಟು ಅಚ್ಚಾಗುತ್ತಿದೆ. ಅದಕ್ಕೆ ಬೇಕಾದ ಕಾಗದವನ್ನು ತಯಾರಿಸುವ ಗಿರಣಿಯೂ ಅಲ್ಲಿದೆ. ಒಂದು ಕಾಲದಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿದ್ದ ವಸ್ತು ಈಗ ಚಾಮುಂಡಿ ಬೆಟ್ಟದ ಸೀಮೆಯಲ್ಲೇ ಹುಟ್ಟುತ್ತಿದೆ.

ಲಕ್ಷದ ಆಸೆ, ಕಾನೂನಿನ ಮಿತಿ

ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ರೂಪಾಯಿ, 786 ಸಂಖ್ಯೆಯ ನೋಟಿಗೆ ಇನ್ನಷ್ಟು ಎಂಬ ಸುದ್ದಿಗಳು ಆಗಾಗ ಹರಿದಾಡುತ್ತವೆ. ಟ್ರ್ಯಾಕ್ಟರ್ ನೋಟು ಅಪಾರ ಸಂಖ್ಯೆಯಲ್ಲಿ ಅಚ್ಚಾದದ್ದು. ಅದರಲ್ಲಿ ಬೆಲೆ ಬರುವುದು ವಿರಳವಾದ ಸಹಿ, ಅಕ್ಷರ ಅಥವಾ ಮುದ್ರಣದೋಷ ಇದ್ದಾಗ ಮಾತ್ರ. ನೋಟು ಕೊಳ್ಳುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ, ಮೊದಲು ಶುಲ್ಕ ಕಟ್ಟಿಸಿಕೊಂಡು ಮೋಸ ಮಾಡುವವರೂ ಇದ್ದಾರೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ನೀಡಿತ್ತು.

ಹಳೆಯ ನೋಟು ಸಿಕ್ಕಿದಾಗ ತೊಳೆದು ಇಸ್ತ್ರಿ ಹಾಕುವುದು, ಟೇಪು ಅಂಟಿಸುವುದು, ಲ್ಯಾಮಿನೇಟ್ ಮಾಡಿಸುವುದು ಬಲು ದೊಡ್ಡ ತಪ್ಪು. ಮಡಿಕೆಯಿಲ್ಲದ ಗರಿಗರಿ ನೋಟಿಗೇ ಹೆಚ್ಚಿನ ಬೆಲೆ. ಬ್ಯಾಂಕುಗಳು ಮೊದಲು ನೋಟಿನ ಕಟ್ಟಿಗೆ ಪಿನ್ನು ಹೊಡೆಯುತ್ತಿದ್ದುದರಿಂದ ಆ ಕಾಲದ ಹೊಸ ನೋಟಿನಲ್ಲೂ ಪಿನ್ನಿನ ತೂತು ಇರುತ್ತದೆ. ಇದನ್ನು ಸಂಗ್ರಾಹಕರು ದೊಡ್ಡ ದೋಷವೆಂದು ಎಣಿಸುವುದಿಲ್ಲ.

ಕಾನೂನನ್ನೂ ತಿಳಿದಿರಬೇಕು. 2016ರ ನವೆಂಬರ್ 8ರಂದು ರದ್ದಾದ 500 ಮತ್ತು 1000 ರೂಪಾಯಿ ನೋಟುಗಳಿಗೆ ಸಂಬಂಧಿಸಿದ 2017ರ ಕಾಯ್ದೆಯ ಪ್ರಕಾರ ಒಬ್ಬರು ಅಂಥ ಹತ್ತು ನೋಟುಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನ, ಸಂಶೋಧನೆ ಅಥವಾ ಸಂಗ್ರಹಕ್ಕಾದರೆ ಇಪ್ಪತ್ತೈದರವರೆಗೆ ಅವಕಾಶವಿದೆ. ಮೀರಿದರೆ ಹತ್ತು ಸಾವಿರ ರೂಪಾಯಿ ಅಥವಾ ನೋಟುಗಳ ಮುಖಬೆಲೆಯ ಐದು ಪಟ್ಟು, ಇವುಗಳಲ್ಲಿ ಹೆಚ್ಚಿನದು ದಂಡ. ಒಂದು ಕಾಲದ ನೋಟಿನ ಎಲ್ಲ ಸಹಿ, ಇಸವಿ, ಇನ್‌ಸೆಟ್‌ಗಳನ್ನೂ ಕೂಡಿಡಲು ಹೊರಟವರಿಗೆ ಇಪ್ಪತ್ತೈದು ಸಾಲದು. ಆದರೂ ಸಂಗ್ರಹ ಎಂಬ ಪದ ಆ ಕಾಯ್ದೆಯಲ್ಲಿ ಜಾಗ ಪಡೆದದ್ದೇ ದೊಡ್ಡದು.

ಏಕೆಂದರೆ ನಾಣ್ಯದಂತೆ ನೋಟು ಮಣ್ಣಿನಲ್ಲಿ ಉಳಿಯುವುದಿಲ್ಲ. ಸವೆದು ಬ್ಯಾಂಕಿಗೆ ಮರಳಿದ ನೋಟುಗಳನ್ನು ರಿಸರ್ವ್ ಬ್ಯಾಂಕಿನ ಯಂತ್ರಗಳು ಚೂರು ಚೂರು ಮಾಡಿ ಇಟ್ಟಿಗೆಯಾಗಿ ಒತ್ತಿಬಿಡುತ್ತವೆ. ಹಳೆಯ ನೋಟುಗಳನ್ನು ನೋಡಲು ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕಿನ ವಸ್ತುಸಂಗ್ರಹಾಲಯವಿದೆ. ಬೆಂಗಳೂರಿನಲ್ಲಿ ರಿಜ್ವಾನ್ ರಜಾಕ್ ಅವರ ಭಾರತೀಯ ಕಾಗದದ ಹಣದ ಸಂಗ್ರಹಾಲಯವಿದೆ. ಉಳಿದದ್ದು ಊರೂರಿನ ಹವ್ಯಾಸಿಗಳ ಆಲ್ಬಮ್‌ಗಳಲ್ಲಿ, ಹಳೆಯ ಟ್ರಂಕುಗಳ ತಳದಲ್ಲಿ, ಹಿರಿಯರು ಪುಸ್ತಕದ ನಡುವೆ ಇಟ್ಟು ಮರೆತ ಲಕೋಟೆಗಳಲ್ಲಿ ಇದೆ. ಇಂದು ಅಪರೂಪವಾದ ನೋಟುಗಳಲ್ಲಿ ಬಹಳಷ್ಟು ಒಂದು ಕಾಲದಲ್ಲಿ ಎಲ್ಲರ ಕೈಯಲ್ಲೂ ಇದ್ದವು. ಎಲ್ಲರೂ ಖರ್ಚು ಮಾಡಿದರು, ಯಾರೋ ಒಬ್ಬರು ಎತ್ತಿಟ್ಟರು.